ಸೊನ್ನಿ ಸರದ ವರ್ನಿಯರ್

ಉದ್ಯಮಬಾಗದಾಗ ನಮ್ಮ ಫೌಂಡ್ರಿ ನಿಂತು
ಇವತ್ತಿಗೆ ಎಪ್ಪತ್ತೊಂದು ದಿನ.
ಎಣಸೂದು ಬಿಟ್ಟೇನಿ ಅಂತ ಸುರೇಖಾಗ ಹೇಳೇನಿ.

ಆರಕ್ಕ ಎಚ್ಚರಾಗತೈತಿ, ಯಾರೂ ಎಬ್ಬಸೂದು ಬ್ಯಾಡ.
ಯಾರದೋ ಕಾರಖಾನಿ ಭೋಂಗಾ ಅನಗೋಳತನಕಾ ಕೇಳಸತೈತಿ,
ಕಾಲು ತಾವ ಬೂಟು ಹುಡಕತಾವ.
ಬೂಟಿನಾಗ ಇನ್ನೂ ಫೌಂಡ್ರಿಯ ಕರೇ ಉಸುಕು,
ಝಾಡಿಸಿದಷ್ಟೂ ಒಂದು ಚಿಟಿಕಿ ಉಳೀತೈತಿ.

ಹದಿನಾರು ವರ್ಷ ನನ್ನ ಕೆಲಸ ಇಷ್ಟೇ:
ಬ್ಯಾರೇದವರು ಎರಕಾ ಹೊಯ್ದದ್ದನ್ನ, ಕಡದದ್ದನ್ನ
ವರ್ನಿಯರ್ ದವಡಿಯಾಗ ಹಿಡದು
ಇದು ಹೋಗಲಿ, ಇದು ಬ್ಯಾಡ ಅನ್ನೂದು.
ಕೂದಲೆಳಿಯಷ್ಟು ಹೆಚ್ಚಾದ್ರ
ಕೆಂಪು ಬಣ್ಣ ಬಡದು ಮೂಲಿಗೆ ಒಗದೇನಿ
ಪಂಪಿನ ಬಾಡಿ, ವಾಲ್ವಿನ ಮುಚ್ಚಳ.
ಒಂದಕ್ಕೂ ಯಾಕ ಅಂತ ಹೇಳಿರಲಿಲ್ಲ.
ಈಗ ನನಗೂ ಯಾರೂ ಹೇಳೂದಿಲ್ಲ.

ಹೊನಗಾದಾಗ ಒಬ್ಬಾಂವ, ನನ್ನ ಮಗಳಗಿಂತ
ಹತ್ತು ವರ್ಷ ದೊಡ್ಡಾಂವ ಇದ್ದಾನು,
ಕಾಗದ ನೋಡಲಿಲ್ಲ, ನನ್ನ ಕೈ ನೋಡಿದ:
"ಕಾಕಾ, ಈಗ ಎಲ್ಲಾ ಮಷೀನೇ ಅಳೀತಾವ."
ಮಚ್ಛೆದಾಗ ಚಹಾ ಕೊಟ್ರು. ಚಹಾ ಚೊಲೋ ಇತ್ತು.
ಕಾಕತಿದಾಗ ವಾಚಮನ್ ಒಂದು ವಹಿ ಕೊಟ್ಟು ಹೆಸರು ಬರಿ ಅಂದ.
ನನ್ನ ಹೆಸರಿನ ಮ್ಯಾಲೆ ಇಪ್ಪತ್ತಾರು ಹೆಸರು,
ಅದರಾಗ ಮೂರು ನಮ್ಮ ಫೌಂಡ್ರಿಯವು.
ಹುಲಕುಂದ ಬಸಲಿಂಗನ ಅಕ್ಷರ ಈಗೂ ಸೊಟ್ಟ.

ಶನಿವಾರ ಸಡ್ಡಕ ಬಂದಿದ್ದ,
ಬಡ್ತಿ ಸಿಕ್ಕೈತಿ ಅಂತ ಅರ್ಧಾ ಕಿಲೋ ಕುಂದಾ ತಂದು.
"ಮತ್ತ, ಏನ್ ಮಾಡಾಕತ್ತೀರಿ?" ಅಂದ.
ಕುಂದಾ ಬಾಯಾಗಿತ್ತು, ಬಚಾವಾದೆ.

ಎರಡನೇ ಗೇಟಿನಾಗ ರೈಲಿಗೆ ನಿಂತಾಗ
ಮೊದಲ ನಾ ಬೈಯಾಂವ, ಲೇಟಾತು, ಲೇಟಾತು ಅಂತ.
ಈಗ ಗೇಟು ಬಿದ್ರ ಒಂಥರಾ ಸಮಾಧಾನ.
ಇಲ್ಲಿ ಎಲ್ಲಾರೂ ನಿಂತಾರ,
ಕಾರಿನವನೂ, ಹಾಲಿನವನೂ, ನಾನೂ.
ಗೂಡ್ಸಿನ ಡಬ್ಬಿ ಎಣಸತೇನಿ.
ಗೇಟು ಎತ್ತತಾರ.
ಎಲ್ಲಾರೂ ಒಮ್ಮೆಲೆ ಹೋಗಿಬಿಡತಾರ.

ರಾತ್ರಿ ತೇಜು ಪ್ರಾಕ್ಟಿಕಲ್ ಪುಸ್ತಕ ಹಿಡಕೊಂಡು ಬಂದಳು:
"ಪಪ್ಪಾ, ವರ್ನಿಯರ್ ತಿಳೀವಲ್ದು."
ಕಪಾಟಿನ ಮ್ಯಾಲಿಂದ ತಗದೆ. ನನ್ನ ಸ್ವಂತದ್ದು,
ಮೊದಲ ಪಗಾರದಾಗ ಖಡೇಬಝಾರದಾಗ ಕೊಂಡದ್ದು.
ಎಷ್ಟೋ ದಿನದಿಂದ ಎಣ್ಣಿ ಕಂಡಿರಲಿಲ್ಲ.
ಅಕಿ ದವಡಿ ಮುಚ್ಚಿ ದೀಪದ ಬುಡಕ ಹಿಡದಳು.
"ಇದರ ಸೊನ್ನಿ ಸೊನ್ನಿಗೆ ಕೂಡವಲ್ದು. ಕೆಟ್ಟೈತೇನು?"
"ಕೆಟ್ಟಿಲ್ಲ. ಒಮ್ಮೆ ಕೈಜಾರಿ ಬಿದ್ದಿತ್ತು, ಎರಡು ಗೆರಿ ಸರದೈತಿ.
ಎಷ್ಟು ಸರದೈತಿ ಗೊತ್ತಿದ್ರ ಆತು,
ಅಷ್ಟು ಕಳದು ಬರಕೋ."

ಗೋಲಿಗುಂಡು ಅಳದಳು, ಪೆನ್ಸಿಲ್ ಅಳದಳು,
ಸೀರಿಗೆ ಫಾಲು ಹಚ್ಚಾಕತ್ತಿದ್ದ ಅವರವ್ವನ ಬಳಿ ಅಳದಳು,
ಆಮ್ಯಾಲೆ ನನ್ನ ಹೆಬ್ಬೆಟ್ಟು.
ಇಪ್ಪತ್ತೆರಡು ಪಾಯಿಂಟ್ ನಾಕ್ ನಾಕು, ಅಂತ ಬರದಳು.
"ರಿಜೆಕ್ಟ್!" ಅಂದೆ. "ಕಳ್ಯಾಕ ಮರತಿ."
ಮನಿ ತುಂಬ ಕೇಳಸ್ತು ಅದು, ಶಾಪ್‌ಫ್ಲೋರಿನ ದನಿ,
ಹತ್ತು ಮಷೀನಿನ ಗದ್ದಲದ ಮ್ಯಾಲೆ ಒದರೂ ದನಿ.

ಸುರೇಖಾ ಸೂಜಿ ನಿಲ್ಲಿಸಿ ನಕ್ಕಳು:
"ಎಪ್ಪತ್ತೊಂದು ದಿನ ಆಗಿತ್ತು ನೋಡ್ರಿ ಈ ದನಿ ಕೇಳಿ."

ಅಕಿನೂ ಎಣಸಾಕತ್ತಿದ್ದಳು.
ಇಬ್ರೂ ಒಂದ ಹಾಸಗ್ಯಾಗ,
ಬ್ಯಾರೆ ಬ್ಯಾರೆ ಲೆಕ್ಕಾ ಹಿಡದು ಮಲಗಿದ್ದಿವಿ.

ಮುಂಜಾನೆ ಮೈನುದ್ದೀನನ ಫೋನು.
ನಾವಗೆದಾಗ ಯಾರದೋ ಮಾಲು ತಿರಗಿ ಬಂದೈತೆಂತ,
ಗುಡ್ಡೆ ಬಿದ್ದೈತೆಂತ, ಆರಸಬೇಕಂತ
ಯಾವುದು ಭಟ್ಟಿಗೆ, ಯಾವುದು ಇನ್ನೂ ನಡೀತೈತಿ.
ಮೂರ ದಿನದ್ದು. ರೊಕ್ಕಾ ಕಡಿಮಿ.
ಆಮ್ಯಾಲೆ? ಆಮ್ಯಾಲಿಂದು ಅವಗೂ ಗೊತ್ತಿಲ್ಲ.

ವರ್ನಿಯರಿಗೆ ಎಣ್ಣಿ ಒರಸಿ, ಅರಿವ್ಯಾಗ ಸುತ್ತಿ
ಡಬ್ಬಿ ಬಾಜೂಕ ಇಟಗೊಂಡೆ.
ಸ್ಕೂಟರ್ ಎರಡು ಕಿಕ್ಕಿಗೆ ಚಾಲೂ ಆತು.
ನಾ ಮುಟ್ಟೂದು, ಎರಡನೇ ಗೇಟು ಬೀಳೂದು.

"ಲೇಟಾತಲೇ!" ಅಂದೆ.
ಬಾಜೂದಾಂವ ಹೊಳ್ಳಿ ನೋಡಿದ.